ಕೀಚೈನ್ ಅಳಿಸಿಹೋಗಿಲ್ಲ, ದಯವಿಟ್ಟು ಮ್ಯಾಕ್ ಫಾರ್ಮ್ಯಾಟ್ ಮಾಡಿಸಬೇಡಿ

ಮ್ಯಾಕ್ ಬಳಸುವವರು, ಅದರಲ್ಲೂ ಅಪ್ಪ ಅಮ್ಮನ ಮ್ಯಾಕ್ ನೋಡಿಕೊಳ್ಳುವ ಮಕ್ಕಳು, ಇದನ್ನು ಪೂರ್ತಿ ಓದಿ. ಅಪ್‌ಡೇಟ್ ಆದ ಮೇಲೆ ಯುಟಿಲಿಟೀಸ್ ಫೋಲ್ಡರ್ ತೆರೆದರೆ ಅಲ್ಲಿ ಪಾಸ್‌ವರ್ಡು, ಗುಟ್ಟಿನ ಟಿಪ್ಪಣಿಗಳನ್ನು ಬೀಗ ಹಾಕಿಡುವ ಕೀಚೈನ್ ಆಕ್ಸೆಸ್ ಅನ್ನೋ ಆ್ಯಪ್ ಕಾಣುವುದಿಲ್ಲ. ಅದು ಎಲ್ಲೂ ಹೋಗಿಲ್ಲ. 2024ರ ಸೆಪ್ಟೆಂಬರಿನಲ್ಲಿ ಬಂದ ಮ್ಯಾಕ್‌ಓಎಸ್ ಸಿಕೋಯಾದಲ್ಲಿ, ಅಂದರೆ 15ನೇ ಆವೃತ್ತಿಯಲ್ಲಿ, ಅದರ ಜಾಗ ಬದಲಾಗಿದೆ, ಅಷ್ಟೇ. ನೀವು ಒಳಗಿಟ್ಟಿದ್ದು ಇಟ್ಟ ಹಾಗೇ ಇದೆ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಪಿಯುಸಿಯಲ್ಲಿ ನನಗೆ ಅಕೌಂಟೆನ್ಸಿ ಕಲಿಸಿದ ಮೇಷ್ಟ್ರು ಇಲ್ಲೇ ತುಮಕೂರಿನ ಎಸ್.ಎಸ್. ಪುರಂನಲ್ಲಿದ್ದರು. ಹೋದ ವರ್ಷ ತೀರಿಕೊಂಡರು. ಲೆಕ್ಕದಲ್ಲಿ ಬಹಳ ಅಚ್ಚುಕಟ್ಟು. ಎಫ್‌ಡಿ ನಂಬರುಗಳು, ಎಲ್‌ಐಸಿ ಪಾಲಿಸಿಗಳು, ಪಿಂಚಣಿಯ ಪಿಪಿಓ ನಂಬರು, ಗುಬ್ಬಿ ಕಡೆಯ ತೋಟದ ಸರ್ವೆ ನಂಬರು, ಯಾರಿಗೆ ಎಷ್ಟು ಕೊಟ್ಟಿದ್ದೇನೆ, ಯಾರಿಂದ ಎಷ್ಟು ಬರಬೇಕು, ಎಲ್ಲವನ್ನೂ ಮಗ ಕೊಡಿಸಿದ ಮ್ಯಾಕ್‌ಬುಕ್ಕಿನ ಕೀಚೈನ್‌ನಲ್ಲಿ ಸೆಕ್ಯೂರ್ ನೋಟ್ಸ್, ಅಂದರೆ ಪಾಸ್‌ವರ್ಡ್ ಕೊಟ್ಟರೆ ಮಾತ್ರ ತೆರೆಯುವ ಟಿಪ್ಪಣಿ, ಮಾಡಿ ಇಟ್ಟಿದ್ದರು. ಕಂಪ್ಯೂಟರಿನ ಪಾಸ್‌ವರ್ಡು ಅಮ್ಮನಿಗೆ, ಅಂದರೆ ಮೇಷ್ಟ್ರ ಹೆಂಡತಿಗೆ, ಗೊತ್ತಿತ್ತು. ಡೈರಿಯಲ್ಲಿ ದಾರಿಯನ್ನೂ ಬರೆದಿದ್ದರು: "ಯುಟಿಲಿಟೀಸ್ ಒಳಗೆ ಬೀಗದ ಕೈ ಚಿತ್ರ ಇರೋದನ್ನ ಒತ್ತು." ಒಬ್ಬ ಮನುಷ್ಯ ತನ್ನವರಿಗೋಸ್ಕರ ಇದಕ್ಕಿಂತ ಹೆಚ್ಚು ಏನು ಮಾಡಿಡಬಹುದು ಹೇಳಿ.

ಅಮ್ಮ ಯುಟಿಲಿಟೀಸ್ ತೆಗೆದರೆ ಆ ಚಿತ್ರವೇ ಇಲ್ಲ. ರಿಪೇರಿ ಅಂಗಡಿಗೆ ತೋರಿಸಿದರು. ಅಲ್ಲಿದ್ದವರು, "ಅಪ್‌ಡೇಟಲ್ಲಿ ಹಳೇದೆಲ್ಲ ಹೋಗಿದೆ, ಫಾರ್ಮ್ಯಾಟ್ ಮಾಡಿ ರಿಕವರಿ ಟ್ರೈ ಮಾಡೋಣ" ಅಂದರಂತೆ. ಪುಣ್ಯಕ್ಕೆ ಮಗನನ್ನು ಕೇಳದೆ ಕೊಡಲ್ಲ ಅಂತ ಅಮ್ಮ ವಾಪಸ್ ತಂದರು. ನನಗೆ ಫೋನ್ ಮಾಡಿ, "ನಿಮ್ಮ ಮೇಷ್ಟ್ರು ಬರೆದಿಟ್ಟಿದ್ದೆಲ್ಲ ಹೋಯ್ತಂತೆ ಕಣಪ್ಪ" ಅಂದಾಗ ಅವರ ದನಿ ಕೇಳೋಕಾಗ್ತಿರಲಿಲ್ಲ.

ಹುಡುಕುವ ದಾರಿ ಹೇಳ್ತೀನಿ. ಫೈಂಡರ್‌ನಲ್ಲಿದ್ದಾಗ ಮೇಲಿನ ಪಟ್ಟಿಯಲ್ಲಿ 'ಗೋ' ಅಂತ ಇರುತ್ತೆ. ಅದರೊಳಗೆ ಕೆಳಗಡೆ 'ಗೋ ಟು ಫೋಲ್ಡರ್' ಇದೆ. ಶಿಫ್ಟ್, ಕಮಾಂಡ್, ಜಿ ಮೂರನ್ನೂ ಒಟ್ಟಿಗೆ ಒತ್ತಿದರೂ ಅದೇ ಬರುತ್ತೆ. ಅಲ್ಲಿ ಸಿಸ್ಟಮ್, ಲೈಬ್ರರಿ, ಕೋರ್‌ಸರ್ವಿಸಸ್, ಅಪ್ಲಿಕೇಶನ್ಸ್ ಎಂಬ ನಾಲ್ಕು ಇಂಗ್ಲಿಷ್ ಹೆಸರುಗಳನ್ನು ಇದೇ ಕ್ರಮದಲ್ಲಿ ಟೈಪ್ ಮಾಡಿ. ಮೊದಲ ಹೆಸರಿಗಿಂತ ಮೊದಲು ಒಂದು ಓರೆಗೆರೆ (/), ಆಮೇಲೆ ಪ್ರತಿ ಎರಡು ಹೆಸರಿನ ನಡುವೆ ಒಂದೊಂದು. ಕೋರ್ ಮತ್ತು ಸರ್ವಿಸಸ್ ನಡುವೆ ಜಾಗ ಬಿಡಬೇಡಿ. ಆ ಫೋಲ್ಡರಿನಲ್ಲಿ ಕೀಚೈನ್ ಆಕ್ಸೆಸ್ ಇದೆ. ಇಷ್ಟೆಲ್ಲ ಬೇಡ ಅಂದರೆ ಕಮಾಂಡ್ ಮತ್ತು ಸ್ಪೇಸ್ ಒತ್ತಿ, ಸ್ಪಾಟ್‌ಲೈಟ್‌ನಲ್ಲಿ ಅದರ ಹೆಸರು ಟೈಪ್ ಮಾಡಿದರೂ ಸಿಗುತ್ತೆ. ತೆರೆಯುವಾಗ ಪಾಸ್‌ವರ್ಡ್ಸ್ ಅನ್ನೋ ಹೊಸ ಆ್ಯಪ್ ತೆರೆಯಲೋ, ಕೀಚೈನ್ ಆಕ್ಸೆಸ್ಸೇ ಬೇಕೋ ಅಂತ ಕೇಳಬಹುದು. ನಿಮಗೆ ಬೇಕಾಗಿರೋದು ಎರಡನೆಯದು. ತೆರೆದ ಮೇಲೆ ಎಡಗಡೆ 'ಲಾಗಿನ್' ಆರಿಸಿ, ಮೇಲುಗಡೆ 'ಸೆಕ್ಯೂರ್ ನೋಟ್ಸ್' ಒತ್ತಿ. ಬೇಕಾದ ನೋಟಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, 'ಶೋ ನೋಟ್' ಎದುರು ಗುರುತು ಹಾಕಿದರೆ ಪಾಸ್‌ವರ್ಡ್ ಕೇಳುತ್ತೆ. ಸಾಮಾನ್ಯವಾಗಿ ಅದು ಕಂಪ್ಯೂಟರಿಗೆ ಲಾಗಿನ್ ಆಗುವ ಪಾಸ್‌ವರ್ಡೇ. ಕೆಲಸ ಮುಗಿದ ಮೇಲೆ ಆ ಚಿತ್ರವನ್ನು ಎಳೆದು ಡಾಕ್‌ನಲ್ಲಿ ಇಟ್ಟುಬಿಡಿ. ಮತ್ತೆ ಹುಡುಕೋ ಕೆಲಸ ಇರಲ್ಲ.

ಮೇಷ್ಟ್ರ ನೋಟ್ಸ್ ಎಲ್ಲವೂ ಸಿಕ್ಕವು. ಒಂದೊಂದರ ಕೆಳಗೂ ತಾರೀಖು ಹಾಕಿದ್ದರು.

ಹೊಸ ಪಾಸ್‌ವರ್ಡ್ಸ್ ಆ್ಯಪ್ ಬಗ್ಗೆ ನನ್ನ ತಕರಾರಿಲ್ಲ. ವೆಬ್‌ಸೈಟುಗಳ ಪಾಸ್‌ವರ್ಡು, ಪಾಸ್‌ಕೀ, ವೈಫೈ ಪಾಸ್‌ವರ್ಡು ಎಲ್ಲ ಅದರಲ್ಲಿ ಚೆನ್ನಾಗಿ ಜೋಡಿಸಿರುತ್ತೆ. ದಿನಬಳಕೆಗೆ ಹಳೆಯದಕ್ಕಿಂತ ಅದೇ ಸುಲಭ. ಆದರೆ ಕೀಚೈನ್‌ನ ಸೆಕ್ಯೂರ್ ನೋಟ್ಸ್ ಅದರಲ್ಲಿ ಕಾಣಲ್ಲ. ಡಿಜಿಟಲ್ ಸರ್ಟಿಫಿಕೇಟುಗಳೂ ಕಾಣಲ್ಲ. ಅವಕ್ಕೆಲ್ಲ ಇವತ್ತಿಗೂ ಹಳೆಯ ಕೀಚೈನ್ ಆಕ್ಸೆಸ್ಸೇ ಬೇಕು. ಹೊಸದನ್ನು ತೆರೆದು ನೋಡಿ "ಇಲ್ಲೂ ಇಲ್ಲ, ಹೋಯ್ತು" ಅಂತ ಕೈಬಿಡೋರು ಇದ್ದಾರೆ.

ನನ್ನ ಸಿಟ್ಟು ಇರೋದು ಬೇರೆ ಕಡೆ. ಕೀಚೈನ್ 1999ರ ಮ್ಯಾಕ್ ಓಎಸ್ 9ರಲ್ಲೇ ಇತ್ತು. ಮ್ಯಾಕ್ ಓಎಸ್ ಟೆನ್ ಬಂದ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಯುಟಿಲಿಟೀಸ್ ಫೋಲ್ಡರಿನಲ್ಲೇ ಕೂತಿತ್ತು. ಅಷ್ಟು ವರ್ಷ ಒಂದೇ ಜಾಗದಲ್ಲಿದ್ದದ್ದನ್ನು ನಂಬಿ ಜನ ಡೈರಿಯಲ್ಲಿ ದಾರಿ ಬರೆದಿಡ್ತಾರೆ. ನಮ್ಮ ಎಂ.ಜಿ. ರಸ್ತೆಯಲ್ಲಿ ಒಂದು ಚಿಕ್ಕ ಟೈಲರ್ ಅಂಗಡಿ ಜಾಗ ಬದಲಿಸಿದರೂ ಹಳೇ ಬಾಗಿಲಿಗೆ "ಅಂಗಡಿ ಹಿಂದಿನ ರಸ್ತೆಗೆ ಸ್ಥಳಾಂತರಗೊಂಡಿದೆ" ಅಂತ ಬೋರ್ಡು ತೂಗುಹಾಕ್ತಾರೆ. ಯುಟಿಲಿಟೀಸ್ ಫೋಲ್ಡರಿನಲ್ಲಿ ಅಂಥದ್ದೊಂದು ಗುರುತು ಬಿಡೋದು ಕಷ್ಟದ ಕೆಲಸ ಅಲ್ಲವೇ ಅಲ್ಲ. ಸ್ಪಾಟ್‌ಲೈಟ್‌ನಲ್ಲಿ ಹುಡುಕಬಹುದಲ್ಲ ಅನ್ನೋರಿಗೆ ನನ್ನ ಮಾತು ಇಷ್ಟೇ: ಹುಡುಕೋಕೆ ಹೆಸರು ಗೊತ್ತಿರಬೇಕು. ಅಮ್ಮನಿಗೆ ಗೊತ್ತಿದ್ದದ್ದು ಬೀಗದ ಕೈ ಚಿತ್ರ ಮಾತ್ರ.

ಫಾರ್ಮ್ಯಾಟ್ ಬೇಡ ಅಂತ ಯಾಕೆ ಬಡ್ಕೊಳ್ತೀನಿ ಅಂದರೆ, ಈ ನೋಟ್ಸ್ ಇರೋದು ಬಳಕೆದಾರರ ಲೈಬ್ರರಿಯೊಳಗಿನ ಕೀಚೈನ್ಸ್ ಫೋಲ್ಡರಿನ ಒಂದು ಫೈಲಿನಲ್ಲಿ. ಆ್ಯಪ್ ಎಲ್ಲಿಗೆ ಹೋದರೂ ಫೈಲು ಅಲ್ಲೇ ಇರುತ್ತೆ. ಡಿಸ್ಕ್ ಅಳಿಸಿದರೆ ಅದೂ ಅಳಿಯುತ್ತೆ, ಬ್ಯಾಕಪ್ ಇಲ್ಲದಿದ್ದರೆ ಮುಗೀತು. ಇನ್ನೊಂದು ಅಪಾಯ ಇದೆ. ಲಾಗಿನ್ ಪಾಸ್‌ವರ್ಡ್ ಮರೆತು ರೀಸೆಟ್ ಮಾಡಿಸಿದರೆ ಕಂಪ್ಯೂಟರ್ ಏನೋ ತೆರೆಯುತ್ತೆ, ಆದರೆ ಹಳೆಯ ಕೀಚೈನ್ ಹಳೆಯ ಪಾಸ್‌ವರ್ಡಿಗೆ ಮಾತ್ರ ತೆರೆಯೋದು. ರೀಸೆಟ್ ಆಗಿ ಹೊಸ ಕೀಚೈನ್ ಬಂದಿದ್ದರೂ ಹಳೆಯ ಫೈಲನ್ನು ತೆಗೆದುಹಾಕಬೇಡಿ. ಹಳೆಯ ಪಾಸ್‌ವರ್ಡ್ ನೆನಪಾದ ದಿನ ಬೇಕಾಗುತ್ತೆ.

ತೀರಿಕೊಂಡವರ ಮನೆಯವರು ತಿಳಿದಿರಬೇಕಾದ ಇನ್ನೊಂದು ವಿಷಯ. ಆಪಲ್‌ನಲ್ಲಿ 2021ರ ಡಿಸೆಂಬರಿನಿಂದ ಲೆಗಸಿ ಕಾಂಟ್ಯಾಕ್ಟ್ ಅನ್ನೋ ಸೌಲಭ್ಯ ಇದೆ. ನಮ್ಮ ನಂತರ ನಮ್ಮ ಐಕ್ಲೌಡ್ ಫೋಟೋ, ಫೈಲುಗಳನ್ನು ಯಾರು ನೋಡಬಹುದು ಅಂತ ಮೊದಲೇ ಹೆಸರು ಕೊಡಬಹುದು. ಕೊಡಿ, ಒಳ್ಳೆಯದೇ. ಆದರೆ ಐಕ್ಲೌಡ್ ಕೀಚೈನ್‌ನ ಪಾಸ್‌ವರ್ಡುಗಳು ಅವರಿಗೆ ಸಿಗಲ್ಲ. ಇದು ತುಂಬ ಜನಕ್ಕೆ ಗೊತ್ತಿಲ್ಲ. ಆದ್ದರಿಂದ ಬದುಕಿರುವಾಗಲೇ ಹಂಚಿಕೊಳ್ಳಬೇಕು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರ ಹತ್ತಿರವೂ ಆಪಲ್ ಸಾಧನ ಇದ್ದರೆ ಪಾಸ್‌ವರ್ಡ್ಸ್ ಆ್ಯಪ್‌ನಲ್ಲಿ ಶೇರ್ಡ್ ಗ್ರೂಪ್ ಮಾಡಿ, ಕರೆಂಟ್ ಬಿಲ್ಲು, ಗ್ಯಾಸ್, ವಿಮೆ ಇಂಥವುಗಳ ಪಾಸ್‌ವರ್ಡು ಇಬ್ಬರಿಗೂ ಕಾಣುವ ಹಾಗೆ ಇಡಬಹುದು. ಇಲ್ಲದಿದ್ದರೆ ಒಂದು ಹಾಳೆಯಲ್ಲಿ ಬರೆದು ಬೀರುವಿನಲ್ಲಿಡಿ. ಹಾಳೆಯಲ್ಲಿ ಬರೆಯೋದು ಹಳೇಕಾಲದ್ದು ಅಂತ ಯಾರಾದರೂ ಅಂದರೆ ಕಿವಿಗೆ ಹಾಕ್ಕೋಬೇಡಿ.

ಬ್ಯಾಂಕು, ಎಫ್‌ಡಿ ವಿಚಾರಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತೆ. ಅಂಥದ್ದನ್ನು ಹುಡುಕೋಕೆ 2023ರಲ್ಲಿ ಉದ್ಗಮ್ ಪೋರ್ಟಲ್ ಬಂತು, ವಾರಸುದಾರರು ಈಗಲೂ ಕೇಳಿ ಪಡೆಯಬಹುದು. ಆದರೆ ಯಾವ ಬ್ಯಾಂಕು, ಯಾವ ಶಾಖೆ, ಯಾವ ನಂಬರು ಅಂತ ಮನೆಯಲ್ಲೇ ಗೊತ್ತಿದ್ದರೆ ಅಷ್ಟು ದೂರ ಹೋಗೋ ಗೋಜೇ ಬರಲ್ಲ.

ತುಮಕೂರು, ಗುಬ್ಬಿ, ಸಿರಾ ಕಡೆಯ ಪರಿಚಯದವರು ಯಾರ ಮನೆಯಲ್ಲಾದರೂ ಈ ತೊಂದರೆ ಇದ್ದರೆ ಅಂಗಡಿಗೆ ಕೊಡೋ ಮೊದಲು ನನಗೊಂದು ಮೆಸೇಜ್ ಹಾಕಿ. ಮ್ಯಾಕ್ ತಗೊಂಡು ಮನೆಗೆ ಬನ್ನಿ, ಪಾಸ್‌ವರ್ಡನ್ನು ನೀವೇ ಟೈಪ್ ಮಾಡಿ, ನನಗೂ ಹೇಳಬೇಡಿ. ದುಡ್ಡಿನ ಮಾತೇ ಇಲ್ಲ.