ಸುಳಿವು ಮನೆಮಾತಿನಲ್ಲಿದ್ದರೆ

ಭಾನುವಾರ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಒಂದು ಸುತ್ತು ಹಾಕಿ ಬಂದು, ಸರಸ್ವತೀಪುರದ ನಮ್ಮ ಮನೆಯ ವರಾಂಡದಲ್ಲಿ ನಾಲ್ಕು ಜನ ಕುಳಿತು ಪದಬಂಧ ಬಿಡಿಸುವ ರೂಢಿಗೆ ಈಗ ಆರು ವರ್ಷ ತುಂಬಿದೆ. ಕಳೆದ ತಿಂಗಳು ಊರಿನಿಂದ ಬಂದಿದ್ದ ನಮ್ಮ ಬಂಧುಗಳೊಬ್ಬರು ಬೆಳಿಗ್ಗೆಯೆಲ್ಲ ನಮ್ಮ ಜೊತೆಯಲ್ಲೇ ಕುಳಿತು ನೋಡಿ, ಎಲ್ಲರೂ ಹೊರಟ ಮೇಲೆ, “ಒಂದು ಪದಬಂಧಕ್ಕೆ ಮೂರು ಗಂಟೆ ಬೇಕಾ? ಅದರಲ್ಲಿ ಎರಡು ಗಂಟೆ ಬರೀ ಮಾತೇ ಆಯ್ತಲ್ಲ” ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಆದರೂ ಆ ಎರಡು ಗಂಟೆಯನ್ನು ಅವರು ಪದಬಂಧದಿಂದ ಬೇರೆ ಮಾಡಿ ಲೆಕ್ಕ ಹಾಕಿದ್ದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಅವರಿಗೆ ಅಂದು ಸರಿಯಾಗಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಬಿಡಿಸುವುದು ಗೂಢ ಪದಬಂಧ. ಸಾಮಾನ್ಯ ಪದಬಂಧದಲ್ಲಿ ‘ರಾಜ’ ಎಂಬ ಸುಳಿವಿಗೆ ‘ಅರಸ’ ಎಂದು ತುಂಬಿದರೆ ಮುಗಿಯಿತು. ಗೂಢ ಪದಬಂಧದ ಸುಳಿವು ಮೇಲ್ನೋಟಕ್ಕೆ ಯಾವುದೋ ಕಥೆಯಿಂದ ಕಿತ್ತು ತಂದ ವಾಕ್ಯದಂತೆ ಕಾಣುತ್ತದೆ. ಅದರ ಒಂದು ತುದಿಯಲ್ಲಿ ಉತ್ತರದ ನೇರ ಅರ್ಥವಿರುತ್ತದೆ, ಉಳಿದ ಭಾಗದಲ್ಲಿ ಆ ಪದವನ್ನು ಒಡೆದೋ, ತಿರುಗಿಸಿಯೋ, ಕಲಕಿಯೋ, ಬೇರೆ ಪದಗಳ ನಡುವೆ ಅಡಗಿಸಿಯೋ ಕಟ್ಟಿರುವ ಬಗೆ ಇರುತ್ತದೆ. “ಬಂದ ಸರಾಫನೊಳಗೆ ನಾಡಹಬ್ಬ (3)” ಎಂದರೆ, ‘ಬಂದ ಸರಾಫ’ ಎಂಬೆರಡು ಪದಗಳ ನಡುವಿನಿಂದ ‘ದಸರಾ’ವನ್ನು ಎತ್ತಿಕೊಳ್ಳಬೇಕು; ಕೊನೆಯ ಅಂಕಿ ಉತ್ತರದಲ್ಲಿರುವ ಅಕ್ಷರಗಳ ಸಂಖ್ಯೆ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ಮೊದಲ ಪದಬಂಧದಲ್ಲಿ ಇಂಥ ಗೂಢತೆ ಇರಲಿಲ್ಲ. ಅದು ಬೆಳೆದದ್ದು 1920ರ ದಶಕದಿಂದೀಚೆಗೆ, ಇಂಗ್ಲೆಂಡಿನಲ್ಲಿ. ಆಫ್ರಿಟ್ ಎಂಬ ಗುಪ್ತನಾಮದಲ್ಲಿ ಪದಬಂಧ ಕಟ್ಟುತ್ತಿದ್ದ ಅಲ್ಲಿನವರೊಬ್ಬರು ಹಾಕಿಕೊಟ್ಟ ನಿಯಮ ನನಗೆ ಬಹಳ ಇಷ್ಟ: ಸುಳಿವಿನ ಮಾತಿಗೆ ಮೇಲ್ನೋಟದ ಅರ್ಥವೇ ಇರಬೇಕೆಂದಿಲ್ಲ, ಆದರೆ ಕಟ್ಟಿದವನ ಮನಸ್ಸಿನಲ್ಲಿರುವ ಅರ್ಥ ಆ ಮಾತಿನಲ್ಲಿ ಇದ್ದೇ ಇರಬೇಕು. ಒಳಾರ್ಥ ಅಡಗಿಸಿಟ್ಟ ಕನಕದಾಸರ ಮುಂಡಿಗೆಗಳನ್ನೂ ಅಜ್ಜಿಯರ ಒಗಟುಗಳನ್ನೂ ಕೇಳಿ ಬೆಳೆದ ನಮಗೆ ಈ ಬಗೆಯ ಮಾತು ಹೊಸದೇನೂ ಅಲ್ಲ.

ಆದರೂ ನಾವು ಶುರುಮಾಡಿದ್ದು ಇಂಗ್ಲಿಷಿನಲ್ಲಿ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಗೆಳತಿ ‘ದಿ ಹಿಂದೂ’ ಪತ್ರಿಕೆಯ ಪದಬಂಧವನ್ನು ಬಹಳ ವರ್ಷಗಳಿಂದ ಬಿಡಿಸುತ್ತಾ ಬಂದವರು. ಕಟ್ಟುವವರ ಗುಪ್ತನಾಮ ನೋಡಿದ ಕೂಡಲೇ ಅಂದಿನ ಸುಳಿವುಗಳ ಸ್ವಭಾವ ಹೇಗಿರುತ್ತದೆಂದು ಹೇಳಬಲ್ಲವರು. ‘ಎಲೆವೆನ್ ಪ್ಲಸ್ ಟೂ’ ಎಂಬುದರ ಅಕ್ಷರಗಳನ್ನೇ ಕಲಕಿದರೆ ‘ಟ್ವೆಲ್ವ್ ಪ್ಲಸ್ ಒನ್’ ಆಗುತ್ತದೆ, ಎರಡರ ಮೊತ್ತವೂ 13 ಎಂದು ಅವರು ಮೊದಲ ದಿನ ತೋರಿಸಿದಾಗ ನನಗಾದ ಸಂತೋಷ ಇನ್ನೂ ನೆನಪಿದೆ. ನಾನೂ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಎಂಜಿನಿಯರ್ ಹುಡುಗನೂ ಬೇಗ ಕಲಿತೆವು. ನಾಲ್ಕನೆಯವರು ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ವಾರದ ಕೊನೆಗೆ ಕುವೆಂಪುನಗರದ ಮಗಳ ಮನೆಗೆ ಬರುತ್ತಾರೆ, ಉಳಿದ ದಿನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೆಳಗಿರುವ ತಮ್ಮ ಗದ್ದೆ ನೋಡಿಕೊಳ್ಳುತ್ತಾರೆ. ಅವರು ಸುಮಾರು ಒಂದು ವರ್ಷ ನಮ್ಮ ಜೊತೆ ಹೆಚ್ಚು ಮಾತಿಲ್ಲದೆ ಕುಳಿತಿದ್ದರು. ಅವರಿಗೆ ಇಂಗ್ಲಿಷ್ ಓದಲು ಬರೆಯಲು ಚೆನ್ನಾಗಿಯೇ ಬರುತ್ತದೆ, ಆದರೆ ಪದವನ್ನು ಗೋಲಿಯಂತೆ ಅಂಗೈಯಲ್ಲಿ ಉರುಳಿಸಿ ಆಡಲು ಆ ಭಾಷೆಯಲ್ಲಿ ಬಾಲ್ಯ ಕಳೆದಿರಬೇಕು. ಇದನ್ನು ಗಮನಿಸಲು ನಮಗೆ ಅಷ್ಟು ಕಾಲ ಹಿಡಿಯಿತೆಂಬ ಬೇಸರ ನನಗೆ ಇಂದಿಗೂ ಇದೆ.

ಒಂದು ದಿನ ಅವರೇ, “ನಮ್ ಕನ್ನಡದಲ್ಲಿ ಹಿಂಗೆ ಮಾಡಕಾಗಲ್ವಾ ಮೇಡಂ?” ಎಂದು ಕೇಳಿದರು. ಮುಂದಿನ ಭಾನುವಾರ ಒಂದು ಚೀಟಿ ತಂದರು. ಅದರಲ್ಲಿದ್ದುದು: “ಬಿಸಿ ಹೆಚ್ಚಿ ಹರಿಯುವವಳು (3).” ನಾವು ಮೂವರೂ ಸಾರು, ಹಬೆ, ಬೆವರು ಎಂದು ಎಲ್ಲೆಲ್ಲೋ ಅಲೆದೆವು. ಮೇಷ್ಟ್ರು ಕಾಫಿ ಮುಗಿಯುವವರೆಗೆ ಕಾದು, “ಲೋಪಸಂಧಿ” ಎಂದಷ್ಟೇ ಅಂದರು. ಬಿಸಿಗೆ ಕಾವು, ಹೆಚ್ಚಿ ಎಂಬುದಕ್ಕೆ ಏರಿ, ಕೂಡಿದರೆ ಕಾವೇರಿ. ಆ ವರ್ಷ ಮಳೆ ಕೈಕೊಟ್ಟು ನಾಲೆಗೆ ಕಾವೇರಿ ನೀರು ಬಿಡುವುದು ತಡವಾಗಿತ್ತು. ಸುಳಿವಿನ ಹಿಂದಿದ್ದ ಸಂಕಟ ಉತ್ತರ ಗೊತ್ತಾದ ಮೇಲೆ ಹೊರಗೆ ಬಂತು. ಒಣಗುತ್ತಿದ್ದ ಭತ್ತದ ಸಸಿಮಡಿ, ಪಂಪ್‌ಸೆಟ್ಟಿಗಾಗಿ ಅಣ್ಣತಮ್ಮಂದಿರ ನಡುವೆ ಎದ್ದ ಮನಸ್ತಾಪ, ಅಡವಿಟ್ಟ ಬಳೆ, ಎಲ್ಲವನ್ನೂ ಅವರು ಅರ್ಧ ಗಂಟೆ ಹೇಳಿದರು. ಒಂದು ವರ್ಷ ನಮ್ಮೊಡನೆ ಕುಳಿತವರ ದನಿಯನ್ನು ನಾವು ನಿಜವಾಗಿ ಕೇಳಿದ್ದು ಅಂದು.

ಅಂದಿನಿಂದ ನಾವೇ ವಾರಕ್ಕೊಬ್ಬರಂತೆ ಕನ್ನಡದಲ್ಲಿ ಪದಬಂಧ ಕಟ್ಟುತ್ತಿದ್ದೇವೆ. ಕನ್ನಡದಲ್ಲಿ ಒಂದು ಚೌಕಕ್ಕೆ ಗುಣಿತವೂ ಒತ್ತೂ ಸೇರಿದ ಇಡೀ ಅಕ್ಷರ ಕೂರುವುದರಿಂದ ಪದಗಳು ಚಿಕ್ಕವಾಗುತ್ತವೆ. ಹಾಗಾಗಿ ಇಂಗ್ಲಿಷಿನ 15 ಸಾಲು 15 ಕಂಬದ ಚೌಕ ನಮಗೆ ಹೊಂದಲಿಲ್ಲ; ಮಕ್ಕಳ ಲೆಕ್ಕದ ಚೌಕುಳಿ ಪುಸ್ತಕದಲ್ಲಿ 9 ಸಾಲು 9 ಕಂಬದ್ದನ್ನು ಹಾಕಿಕೊಳ್ಳುತ್ತೇವೆ. 26 ಅಕ್ಷರಗಳನ್ನು ಮನಬಂದಂತೆ ಕಲಕುವ ಸೌಕರ್ಯವೂ ನಮಗಿಲ್ಲ, ಏಕೆಂದರೆ ಕ, ಕಾ, ಕಿ, ಕ್ಕ ಒಂದೊಂದೂ ಬೇರೆ. ‘ಮದನ’ವನ್ನು ಕಲಕಿ ‘ದಮನ’ ಮಾಡುವಂಥ ಅವಕಾಶ ಅಪರೂಪಕ್ಕೆ ಸಿಗುತ್ತದೆ. ಅದಕ್ಕೆ ಬದಲಾಗಿ ನಮಗೆ ಸಂಧಿಯಿದೆ, ಸಮಾಸವಿದೆ, ಶ್ಲೇಷೆಯ ದೊಡ್ಡ ಪರಂಪರೆಯಿದೆ. ಆದೇಶಸಂಧಿಯಿಂದಾದ ‘ಮಳೆಗಾಲ’ವನ್ನು ಮಳೆ ಮತ್ತು ಕಾಲ ಎಂದು ಒಡೆದು ಸುಳಿವು ಕೊಡುವುದು ನ್ಯಾಯವೇ ಎಂಬ ಬಗ್ಗೆ ನಮ್ಮಲ್ಲಿ ಎರಡು ವಾರ ವಾದ ನಡೆದಿದೆ. ಗಕಾರ ಕಣ್ಣಿಗೆ ಕಾಣುತ್ತಿರುವಾಗ ಕಕಾರವನ್ನು ಊಹಿಸು ಎನ್ನುವುದು ಬಿಡಿಸುವವರಿಗೆ ಮಾಡುವ ಅನ್ಯಾಯ ಎಂದು ನಾನು ಈಗಲೂ ನಂಬಿದ್ದೇನೆ, ಮೇಷ್ಟ್ರು ಒಪ್ಪಿಲ್ಲ.

ಮಾತು ಪದಬಂಧದೊಳಗೆ ಹೇಗೆ ಬೆರೆಯುತ್ತದೆಂಬುದಕ್ಕೆ ಇನ್ನೊಂದು ದಿನ ನೆನಪಾಗುತ್ತದೆ. ಅದು ಜನವರಿ, ಅವರೆಕಾಯಿಯ ಕಾಲ. ಹಳೆಯ ಪತ್ರಿಕೆ ಹಾಸಿಕೊಂಡು ಕಾಯಿ ಸುಲಿಯುತ್ತಾ ಕುಳಿತಿದ್ದೆವು. “ಹಾರ ಹಿಂದಕ್ಕೆ ತಿರುಗಿದರೆ ಕಬ್ಬಿನಿಂದ ಇಳಿಯುವುದು (2)” ಎಂಬ ಸುಳಿವನ್ನು ಎಂಜಿನಿಯರ್ ಹುಡುಗ ತಂದಿದ್ದ. ಸರ ತಿರುಗಿ ರಸವಾಗುತ್ತದೆ. ಮೇಷ್ಟ್ರು ಅದನ್ನು ಸುತರಾಂ ಒಪ್ಪಲಿಲ್ಲ: “ನಮ್ಮ ಕಡೆ ಯಾರಪ್ಪಾ ಕಬ್ಬಿನ ರಸ ಅಂತಾರೆ? ಕಬ್ಬಿನ ಹಾಲು ಅಲ್ವಾ!” ಅಲ್ಲಿಂದ ಮಾತು ಆಲೆಮನೆಗೆ ಹೋಯಿತು, ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ವಾಸನೆಗೆ ಹೋಯಿತು, ಕಬ್ಬು ಕಡಿಯಲು ಆಳು ಸಿಗದ ಕಷ್ಟಕ್ಕೆ ಬಂತು, ಕೊನೆಗೆ ಆ ಹುಡುಗ ತನ್ನ ಅಜ್ಜನ ಆಲೆಮನೆ ಮುಚ್ಚಿದ್ದನ್ನು ಮೊದಲ ಸಲ ನಮಗೆ ಹೇಳಿದ. ಎರಡಕ್ಷರದ ಒಂದು ಸುಳಿವಿಗೆ ಮುಕ್ಕಾಲು ಗಂಟೆ ಹಿಡಿಯಿತು. ಎಂಟು ಜನರ ಸವಾಲುಗಳಿಗೆ ಒಬ್ಬರೇ ಒಟ್ಟಿಗೆ ಉತ್ತರಿಸುವ ಅಷ್ಟಾವಧಾನದಲ್ಲಿ ಅವಧಾನಿಗಳು ನಿಷೇಧಾಕ್ಷರಿಯನ್ನೋ ಸಮಸ್ಯಾಪೂರಣವನ್ನೋ ಮನಸ್ಸಿನಲ್ಲಿ ಹಿಡಿದುಕೊಂಡಿರುವಾಗಲೇ ಅಪ್ರಸ್ತುತ ಪ್ರಸಂಗಕ್ಕೆ ಕುಳಿತವರು ನಡುನಡುವೆ ಸಂಬಂಧವಿಲ್ಲದ ಮಾತೆತ್ತುತ್ತಾರೆ. ಅದಕ್ಕೂ ಅಲ್ಲಿ ಅಧಿಕೃತವಾಗಿ ಒಂದು ಪೀಠವಿದೆ. ನಮ್ಮ ವರಾಂಡದಲ್ಲಿ ಆ ಪೀಠ ನಾಲ್ವರಿಗೂ ಸೇರಿದ್ದು.

ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳಲಾರದವರಿಗೆ ಸುಳಿವು ಎಷ್ಟು ದೊಡ್ಡ ಆಸರೆ ಎಂಬುದನ್ನು ನಾನು ಅರಿತದ್ದು ತಡವಾಗಿ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಗೆ ಅರೌಕೇರಿಯಾ ಎಂಬ ಹೆಸರಿನಲ್ಲಿ ದಶಕಗಳ ಕಾಲ ಪದಬಂಧ ಕಟ್ಟಿದ ಜಾನ್ ಗ್ರಹಾಂ, ತಮಗೆ ಅನ್ನನಾಳದ ಕ್ಯಾನ್ಸರ್ ಆಗಿರುವುದನ್ನು 2013ರ ಜನವರಿಯಲ್ಲಿ ಪದಬಂಧದ ಮೂಲಕವೇ ಓದುಗರಿಗೆ ತಿಳಿಸಿದರು. ರೋಗದ ಹೆಸರು, ಅದು ಬಂದಿರುವ ಅಂಗ, ಪಡೆಯುತ್ತಿರುವ ಉಪಶಾಮಕ ಆರೈಕೆ, ಎಲ್ಲವೂ ಚೌಕಗಳಲ್ಲಿ ತುಂಬಬೇಕಾದ ಉತ್ತರಗಳಾಗಿದ್ದವು. ಅದೇ ವರ್ಷ ನವೆಂಬರಿನಲ್ಲಿ, 92ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಈ ಸಂಗತಿಯನ್ನು ನಮಗೆ ಹೇಳಿದ್ದು ಬ್ಯಾಂಕಿನ ಗೆಳತಿಯೇ. ಅದಾದ ಕೆಲವು ವಾರಗಳ ಮೇಲೆ, ತಮ್ಮ ಸರದಿ ಬಂದಾಗ, ಅವರು ಬರೆದು ತಂದ ಪದಬಂಧದ ಮೊದಲ ಸುಳಿವು ಹೀಗಿತ್ತು: “ದೇಹಕ್ಕೊಂದು ಮನೆ ಸಿಕ್ಕಿದ ಊರು (3).” ಮೈ, ಸೂರು. ಮೂವರಿಗೂ ತಕ್ಷಣ ಹೊಳೆಯಿತು; ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಏಕೆಂದರೆ ಅವರ ಮುಖ ಎಂದಿನಂತಿರಲಿಲ್ಲ. “ಮಗ ಮನೆ ಮಾರಿಬಿಡೋಣ ಅಂತಿದ್ದಾನೆ, ಬೆಂಗಳೂರಿಗೆ ಬಂದುಬಿಡು ಅಂತಾನೆ” ಎಂದರು. ಮೂವತ್ತು ವರ್ಷ ಬಾಳಿದ ಮನೆ ಅದು. ಗಂಡ ತೀರಿಕೊಂಡದ್ದೂ ಅಲ್ಲಿಯೇ. ಅಂದು ಉಳಿದ ಚೌಕಗಳು ಖಾಲಿಯಾಗಿಯೇ ಉಳಿದವು.

ಉತ್ತರ ಫೋನಿನಲ್ಲಿ ಒಂದು ನಿಮಿಷಕ್ಕೆ ಸಿಗುತ್ತದೆಂಬುದು ನನಗೂ ಗೊತ್ತು. ನಮ್ಮಲ್ಲಿ ಪದಬಂಧ ಮುಗಿಯುವವರೆಗೆ ಫೋನುಗಳು ಒಳಗಿನ ಕೋಣೆಯಲ್ಲಿರುತ್ತವೆ, ಮತ್ತು ಉತ್ತರ ಮೊದಲು ಹೊಳೆದವರು ಅದನ್ನು ಕೂಗಿಬಿಡದೆ ಉಳಿದವರಿಗೆ ಇನ್ನೊಂದು ಸುಳಿವು ಕೊಡಬೇಕು. ಕನ್ನಡ ಪತ್ರಿಕೆಗಳು ವಾರಕ್ಕೊಂದಾದರೂ ಪೂರ್ಣ ಪ್ರಮಾಣದ ಗೂಢ ಪದಬಂಧ ಪ್ರಕಟಿಸಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ, ಚೌಕುಳಿ ಪುಸ್ತಕ, ಪೆನ್ಸಿಲ್ಲು, ಮಾತನಾಡಲು ಬಿಡುವಿರುವ ಮೂರು ಜನ ಇದ್ದರೆ ಸಾಕು.

ಬ್ಯಾಂಕಿನ ಗೆಳತಿ ಮಗನಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಕಳೆದ ಭಾನುವಾರ ಮೇಷ್ಟ್ರು ತಮ್ಮ ಸರದಿಯಲ್ಲದಿದ್ದರೂ ಒಂದು ಚೀಟಿ ತಂದು ಅವರ ಮುಂದಿಟ್ಟರು: “ಪ್ರವಾಹಕ್ಕೆ ಭಾರವೂ ಸೇರಿ ಅಕ್ಕಪಕ್ಕದಲ್ಲಿರುವವರು (4).” ಅವರು ಓದಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, ಪೆನ್ಸಿಲ್ ಕೈಗೆತ್ತಿಕೊಂಡು ನಾಲ್ಕು ಚೌಕಗಳನ್ನು ತುಂಬಿದರು.