ಅಧಿಕಾರದಿಂದ ನೇರ ತೈಲ ಕಂಪನಿಗೆ: ಇದನ್ನು ಅನುಭವ ಎನ್ನಬೇಡಿ

ನಿನ್ನೆ ರಾತ್ರಿ ಟಿವಿಯಲ್ಲಿ ಇಂಧನ ನೀತಿಯ ಚರ್ಚೆಯೊಂದನ್ನು ನೋಡುತ್ತಿದ್ದೆ. ತೈಲ ಕಂಪನಿಗಳಲ್ಲಿ ಹುದ್ದೆ ಹಿಡಿದ ರಾಜಕಾರಣಿಗಳ ಮಾತು ಬಂದಾಗ ಅತಿಥಿಯೊಬ್ಬರು, "ಅಂಥವರೇ ಬೇಕು, ಅವರಿಗೆ ಕ್ಷೇತ್ರದ ಅನುಭವವಿರುತ್ತದೆ" ಎಂದರು. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿ ಮತ್ತು ಜರ್ಮನಿಯ ಸರ್ಕಾರದ ಮುಖ್ಯಸ್ಥ, ಅಂದರೆ ಚಾನ್ಸಲರ್, ಆಗಿದ್ದ ಗೆರ್ಹಾರ್ಡ್ ಶ್ರೋಡರ್ ಅವರ ಹೆಸರನ್ನೂ ಎತ್ತಿದರು. ಎದುರು ಕುಳಿತವರಲ್ಲಿ ಒಬ್ಬರೂ ತಕರಾರು ತೆಗೆಯಲಿಲ್ಲ. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ರಿಫೈನರಿಯಲ್ಲಿ ಪಾಳಿ ಮಾಡುತ್ತಲೇ ನಿವೃತ್ತನಾದವನೆಂಬುದು ನಿಮಗೆ ಗೊತ್ತು. ತೈಲದ ಅನುಭವವೆಂದರೆ ಏನೆಂಬುದು ನನಗೂ ಸ್ವಲ್ಪ ತಿಳಿದಿದೆ. ಹಾಗಾಗಿ ಕೇಳುತ್ತೇನೆ, ಈ ಇಬ್ಬರಿಗೆ ಯಾವ ಅನುಭವವಿತ್ತು?

ಚೇನಿ 1989ರಿಂದ 1993ರವರೆಗೆ ಅಮೆರಿಕದ ರಕ್ಷಣಾ ಕಾರ್ಯದರ್ಶಿ, ಅಂದರೆ ನಮ್ಮ ರಕ್ಷಣಾ ಮಂತ್ರಿಯಂಥ ಹುದ್ದೆಯಲ್ಲಿದ್ದರು. ಸೈನ್ಯದ ಸಾಗಣೆ, ಊಟ, ವಸತಿಯ ಕೆಲಸಗಳನ್ನು ಖಾಸಗಿಯವರಿಗೆ ಹೇಗೆ ವಹಿಸಬಹುದೆಂಬ ಅಧ್ಯಯನವನ್ನು 1992ರಲ್ಲಿ ಅವರ ಇಲಾಖೆ ತೈಲ ಕ್ಷೇತ್ರಕ್ಕೆ ಸೇವೆ ಒದಗಿಸುವ ಹ್ಯಾಲಿಬರ್ಟನ್ ಕಂಪನಿಯ ಅಂಗಸಂಸ್ಥೆಯಾದ ಬ್ರೌನ್ ಅಂಡ್ ರೂಟ್‌ಗೆ ಒಪ್ಪಿಸಿತು. ಅದೇ ವರ್ಷ ಆ ಕೆಲಸಗಳ ಗುತ್ತಿಗೆಯೂ ಅದೇ ಸಂಸ್ಥೆಗೆ ಸಿಕ್ಕಿತು. ಯಾವ ಕಂಪನಿಯನ್ನೂ ನಡೆಸಿರದ ಚೇನಿಯವರನ್ನು 1995ರಲ್ಲಿ ಹ್ಯಾಲಿಬರ್ಟನ್ ತನ್ನ ಮುಖ್ಯಸ್ಥರನ್ನಾಗಿ ಮಾಡಿಕೊಂಡಿತು. ಅವರು 2000ದಲ್ಲಿ ಅಲ್ಲಿಂದ ಹೊರಟು 2001ರಲ್ಲಿ ಉಪಾಧ್ಯಕ್ಷರಾದರು, ಇಂಧನ ನೀತಿಯ ಕಾರ್ಯಪಡೆಗೂ ಅಧ್ಯಕ್ಷರಾದರು. ಯಾರ ಯಾರ ಸಲಹೆ ಪಡೆದಿರೆಂದು ಕೇಳಿದಾಗ ಹೆಸರು ಹೇಳಲು ಒಪ್ಪದೆ ಸುಪ್ರೀಂ ಕೋರ್ಟಿನವರೆಗೂ ಹೋದರು. 2003ರಲ್ಲಿ ಇರಾಕಿನ ತೈಲ ಬಾವಿಗಳನ್ನು ದುರಸ್ತಿ ಮಾಡುವ ಗುತ್ತಿಗೆಯನ್ನು ಸ್ಪರ್ಧಾತ್ಮಕ ಟೆಂಡರೇ ಇಲ್ಲದೆ ಪಡೆದದ್ದು ಮತ್ತದೇ ಹ್ಯಾಲಿಬರ್ಟನ್ ಬಳಗ. ನೆಲದಾಳದ ಬಂಡೆಗೆ ಒತ್ತಡದಲ್ಲಿ ನೀರು ನುಗ್ಗಿಸಿ ತೈಲ, ಅನಿಲ ತೆಗೆಯುವ ವಿಧಾನದಲ್ಲಿ ಅದು ಪಳಗಿದ ಕಂಪನಿ. 2005ರ ಇಂಧನ ಕಾಯ್ದೆ ಆ ವಿಧಾನವನ್ನು ಕುಡಿಯುವ ನೀರಿನ ಸುರಕ್ಷತಾ ಕಾನೂನಿನಿಂದ ಹೊರಗಿಟ್ಟಿತು.

ಚೇನಿಯವರ ಬೆಂಬಲಿಗರಿಗೆ ಒಂದು ಸಿದ್ಧ ಉತ್ತರವಿದೆ. ಉಪಾಧ್ಯಕ್ಷರಾದ ಮೇಲೂ ಬರುತ್ತಿದ್ದ ಬಾಕಿ ಸಂಬಳಕ್ಕೆ ಅವರು ವಿಮೆ ಮಾಡಿಸಿದ್ದರು, ಆದ್ದರಿಂದ ಕಂಪನಿಯ ಲಾಭನಷ್ಟದಿಂದ ಅವರಿಗೆ ಆಗಬೇಕಾದದ್ದೇನೂ ಇರಲಿಲ್ಲ ಎನ್ನುತ್ತಾರೆ. ಇರಬಹುದು. ನನ್ನ ಆಕ್ಷೇಪ ಅವರ ಜೇಬಿನ ಬಗ್ಗೆ ಅಲ್ಲವೇ ಅಲ್ಲ. ಸರ್ಕಾರದಲ್ಲಿದ್ದಾಗ ಸಂಪಾದಿಸಿದ ಪರಿಚಯಕ್ಕೆ ಕಂಪನಿ ಬೆಲೆ ಕಟ್ಟಿತು. ಕಂಪನಿಯಲ್ಲಿ ಬೆಳೆದ ಪರಿಚಯ ಮತ್ತೆ ಸರ್ಕಾರದೊಳಕ್ಕೆ ಬಂತು. ಇದನ್ನು ತೈಲದ ಅನುಭವ ಎನ್ನುವುದು ತಪ್ಪು.

ಶ್ರೋಡರ್ ಅವರ ಕಥೆ ನನ್ನನ್ನು ಇನ್ನೂ ಹೆಚ್ಚು ಕೆರಳಿಸುತ್ತದೆ. ಅವರು ವಕೀಲರು, ಏಳು ವರ್ಷ ಜರ್ಮನಿಯ ಚಾನ್ಸಲರ್ ಆಗಿದ್ದವರು. ಬಾಲ್ಟಿಕ್ ಸಮುದ್ರದಡಿ ರಷ್ಯಾದಿಂದ ಜರ್ಮನಿಗೆ ಅನಿಲ ತರುವ ಕೊಳವೆಮಾರ್ಗದ ಒಪ್ಪಂದಕ್ಕೆ 2005ರ ಸೆಪ್ಟೆಂಬರಿನಲ್ಲಿ, ಚುನಾವಣೆಗೆ ಕೆಲವೇ ದಿನಗಳ ಮುಂಚೆ, ಅವರ ಮತ್ತು ಪುಟಿನ್ ಅವರ ಸಮ್ಮುಖದಲ್ಲಿ ಸಹಿ ಬಿತ್ತು. ನವೆಂಬರಿನಲ್ಲಿ ಅವರು ಅಧಿಕಾರ ಬಿಟ್ಟರು. ಆ ಯೋಜನೆಯ ಕಂಪನಿಯಲ್ಲಿ ಅವರಿಗೆ ಹುದ್ದೆ ಎಂಬ ಸುದ್ದಿ ಡಿಸೆಂಬರಿನಲ್ಲೇ ಹೊರಬಿತ್ತು. ನಡುವೆ ಒಂದು ತಿಂಗಳಾದರೂ ಸುಮ್ಮನೆ ಇರಲಾಗಲಿಲ್ಲವೇ? 2017ರಲ್ಲಿ ಅವರು ರಷ್ಯಾದ ಸರ್ಕಾರಿ ತೈಲ ಕಂಪನಿ ರೋಸ್‌ನೆಫ್ಟ್‌ನ ಮಂಡಳಿಗೆ ಅಧ್ಯಕ್ಷರಾದರು. ಗುಜರಾತಿನ ವಾಡಿನಾರ್ ರಿಫೈನರಿಯಲ್ಲಿ ಶೇಕಡ 49ರಷ್ಟು ಪಾಲನ್ನು ಆ ಕಂಪನಿ ಕೊಂಡದ್ದೂ ಅದೇ ವರ್ಷ. ನಮ್ಮ ಹೆದ್ದಾರಿಗಳ ನಯಾರಾ ಬಂಕುಗಳು ಅದೇ ರಿಫೈನರಿಯ ಒಡೆತನದ ಕಂಪನಿಯವು. ಉಕ್ರೇನಿನ ಮೇಲೆ ಯುದ್ಧ ಶುರುವಾಗಿ ಮೂರು ತಿಂಗಳಾದ ಮೇಲಷ್ಟೇ, 2022ರ ಮೇ ತಿಂಗಳಲ್ಲಿ, ಶ್ರೋಡರ್ ಆ ಕುರ್ಚಿ ಬಿಡುವುದಾಗಿ ತಿಳಿಸಿದರು.

ಹಾಗಾದರೆ ತೈಲದಲ್ಲಿ ದುಡಿದವರು ರಾಜಕಾರಣಕ್ಕೆ ಬರಲೇಬಾರದೇ ಎಂದು ಕೇಳುವಿರಿ. ಖಂಡಿತ ಬರಲಿ. ಮುಂದೆ ಅಮೆರಿಕದ ಅಧ್ಯಕ್ಷರಾದ ಹಿರಿಯ ಬುಷ್ 1948ರಲ್ಲಿ ಪಶ್ಚಿಮ ಟೆಕ್ಸಾಸಿಗೆ ಹೋಗಿ ಈ ವ್ಯವಹಾರವನ್ನು ತಳದಿಂದ ಕಲಿತರು, ಸಮುದ್ರದಲ್ಲಿ ಕೊರೆಯುವ ಕಂಪನಿ ಕಟ್ಟಿದರು, 1966ರಲ್ಲಿ ಸಂಸತ್ತಿಗೆ ನಿಂತಾಗ ತಮ್ಮ ಪಾಲನ್ನು ಮಾರಿ ಹೊರಬಂದರು. ಅವರ ರಾಜಕಾರಣವನ್ನು ನಾನು ಒಪ್ಪುವುದಿಲ್ಲ, ಆದರೆ ಆ ಕ್ರಮ ಸರಿಯಾಗಿತ್ತು.

ರಿಫೈನರಿಯಲ್ಲಿ ವೆಲ್ಡಿಂಗ್ ಮಾಡಬೇಕಾದರೆ ಪೈಪಿಗೆ ಬ್ಲೈಂಡ್, ಅಂದರೆ ಅದನ್ನು ಮುಚ್ಚುವ ಲೋಹದ ಬಿಲ್ಲೆ, ಹಾಕಬೇಕು, ಗ್ಯಾಸ್ ಟೆಸ್ಟ್ ಮಾಡಿ ಅಂಕಿಯನ್ನು ಪರ್ಮಿಟ್‌ನಲ್ಲಿ ಬರೆಯಬೇಕು. ಪರ್ಮಿಟ್ ಕೊಡುವವನು ಒಬ್ಬ, ಪಡೆಯುವವನು ಇನ್ನೊಬ್ಬ. ಎಷ್ಟೇ ಅನುಭವಿಯಾದರೂ ಎರಡೂ ಕಡೆ ಒಬ್ಬನೇ ಸಹಿ ಹಾಕುವಂತಿಲ್ಲ. ಒಂದು ವಾಲ್ವ್‌ನ ಕೆಲಸಕ್ಕೆ ಇಷ್ಟು ಎಚ್ಚರ ಬೇಕಾದರೆ ದೇಶಗಳ ನಡುವಿನ ಕೊಳವೆಮಾರ್ಗಕ್ಕೆ ಬೇಡವೇ?

ಜರ್ಮನಿ 2015ರಲ್ಲಿ ಕಾನೂನು ತಂದಿತು. ಅಧಿಕಾರ ಬಿಟ್ಟ ಮಂತ್ರಿಗೆ, ಹಿತಾಸಕ್ತಿಯ ಘರ್ಷಣೆಯಿದ್ದರೆ, ಹದಿನೆಂಟು ತಿಂಗಳವರೆಗೂ ಹೊಸ ಕೆಲಸವನ್ನು ತಡೆಹಿಡಿಯಬಹುದು. ನಮ್ಮಲ್ಲಿ ನಿವೃತ್ತ ಐಎಎಸ್ ಅಧಿಕಾರಿ ಒಂದು ವರ್ಷದೊಳಗೆ ಖಾಸಗಿ ಕೆಲಸ ಹಿಡಿಯಲು ಸರ್ಕಾರದ ಅನುಮತಿ ಪಡೆಯಬೇಕು. ಆ ಅಧಿಕಾರಿಯ ಮೇಲಿದ್ದ ಮಂತ್ರಿಗೆ ಈ ಕಟ್ಟುಪಾಡಿಲ್ಲ. ಇದನ್ನು ಸಂಸತ್ತಿನಲ್ಲಿ ಎತ್ತಲು ಸಿದ್ಧರಿರುವ ಸಂಸದರು ನಿಮಗೆ ಪರಿಚಯವಿದ್ದರೆ, ಪಕ್ಷ ಯಾವುದೇ ಇರಲಿ, ತಿಳಿಸಿ. ಪತ್ರ ಬರೆಯುವ ಕೆಲಸ ನನ್ನದು.