ಮುಂದಿನ ಚಳಿಗಾಲದ ಒಲಿಂಪಿಕ್ಸ್ ನಮ್ಮೂರಿಗೇ ಕೊಡಿ

ಚಳಿಗಾಲದ ಒಲಿಂಪಿಕ್ಸ್ ಹುಬ್ಬಳ್ಳಿ-ಧಾರವಾಡಕ್ಕೇ ಬೇಕು ಅಂತ ಇನ್ನೂ ಯಾರೂ ಮನವಿ ಕೊಟ್ಟಿಲ್ಲ. ಮನವಿ ಕೊಡೋದರಲ್ಲಿ ನಾವೇನು ಹಿಂದೆ ಬಿದ್ದವರಲ್ಲ. ರೈಲ್ವೆ ವಲಯ ಬೇಕು ಅಂತ ಹಟ ಹಿಡಿದೆವು, ಬಂತು. ಹೈಕೋರ್ಟ್ ಪೀಠ ಬೇಕು ಅಂತ ಧರಣಿ ಕೂತೆವು, 2008ರಲ್ಲಿ ಅದೂ ಬಂತು. ಒಲಿಂಪಿಕ್ಸ್ ಅಂದ ಕೂಡಲೇ ಯಾಕೆ ಸಂಕೋಚ? ಇಲ್ಲಿ ಹಿಮ ಬೀಳೋದಿಲ್ಲ ಅಂತಲೇ? ಅದು ಹಳೇ ಕಾಲದ ತಕರಾರು. ಹಿಮದ ಊರುಗಳಲ್ಲೇ ಈಗ ಹಿಮದ ಗ್ಯಾರಂಟಿ ಇಲ್ಲ.

ಗುಲ್ಮಾರ್ಗ್ ನೋಡಿ. 2025ರ ಫೆಬ್ರವರಿಯಲ್ಲಿ ಅಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಇತ್ತು. ಹಿಮ ಸಾಲಲಿಲ್ಲ, ಮುಂದಕ್ಕೆ ಹಾಕಿದರು. ಫ್ರಾನ್ಸಿನ ಪಿರನೀಸ್ ಬೆಟ್ಟಗಳಲ್ಲಿ ಒಂದು ಸ್ಕೀ ತಾಣ ಇದೆ, ಲುಶಾನ್-ಸೂಪರ್‌ಬಾನ್ಯೇರ್ ಅಂತ. 2020ರಲ್ಲಿ ಅಲ್ಲಿನ ಇಳಿಜಾರು ಬೋಳಾಯಿತು. ರಜೆಯ ಸೀಸನ್ ಬೇರೆ. ಹೆಲಿಕಾಪ್ಟರ್ ತರಿಸಿ, ಮೇಲಿನ ಬೆಟ್ಟದಿಂದ ಸುಮಾರು 50 ಟನ್ ಹಿಮ ಹೊತ್ತು ತಂದು ಸುರಿದರು. ಹೆಲಿಕಾಪ್ಟರಿನಿಂದ ಹೂ ಸುರಿಸೋ ನಮ್ಮವರೇ ದುಂದುಗಾರರು ಅಂತ ಇಷ್ಟು ದಿನ ಸುಮ್ನೆ ಬೈದುಕೊಂಡಿದ್ದೆವು.

ಒಲಿಂಪಿಕ್ಸಿನ ಕಥೆ ಇದಕ್ಕಿಂತ ಚೆಂದ. 2010ರಲ್ಲಿ ವ್ಯಾಂಕೂವರಿನ ಸೈಪ್ರೆಸ್ ಬೆಟ್ಟದಲ್ಲಿ ಹಿಮ ಕರಗಿ ಹೋಗಿತ್ತು. ಒಣಹುಲ್ಲಿನ ಪೆಂಡಿ ಜೋಡಿಸಿ, ಅದರ ಮೇಲೆ ಲಾರಿಯಲ್ಲೂ ಹೆಲಿಕಾಪ್ಟರಿನಲ್ಲೂ ತಂದ ಹಿಮ ಹರಡಿ ಆಟ ಆಡಿಸಿದರು. 2014ರಲ್ಲಿ ರಷ್ಯಾದ ಸೋಚಿಯವರು ಹಿಂದಿನ ವರ್ಷದ ಹಿಮವನ್ನೇ ಮುಚ್ಚಿಟ್ಟುಕೊಂಡು ಕಾದರು, ನಮ್ಮಲ್ಲಿ ಹಳೇ ಮಾವಿನಕಾಯಿ ಉಪ್ಪಿನಕಾಯಿ ಇಟ್ಟ ಹಾಗೆ. 2022ರಲ್ಲಿ ಬೀಜಿಂಗಿನಲ್ಲಂತೂ ಹೆಚ್ಚುಕಡಿಮೆ ಪೂರ್ತಿ ಹಿಮವೇ ಮಷೀನಿನದು. ಅದೇ ವರ್ಷ 2029ರ ಏಷ್ಯನ್ ಚಳಿಗಾಲದ ಕೂಟವನ್ನು ಸೌದಿ ಅರೇಬಿಯಾಕ್ಕೆ ಕೊಟ್ಟಿದ್ದರು. ಮರಳುಗಾಡಿಗೆ ಕೊಟ್ಟವರು ಎರೆಮಣ್ಣಿಗೆ ಕೊಡಲು ಹಿಂದೆಮುಂದೆ ನೋಡ್ತಾರಾ? ಹುಲ್ಲಿನ ಪೆಂಡಿ ಸಾಕು ಅಂದ್ರೆ ನವಲಗುಂದ, ಕುಂದಗೋಳದ ಬಣವಿಗಳು ನಾಳೆಯೇ ರೆಡಿ.

ಅನುಭವ ಇಲ್ಲ ಅನ್ನೋ ಹಾಗೂ ಇಲ್ಲ. ಡಿಸೆಂಬರ್ ಬಂತಂದ್ರೆ ಊರಿನ ಯಾವುದಾದರೂ ಮೈದಾನದ ಎಕ್ಸಿಬಿಷನ್ನಿನಲ್ಲಿ ಒಂದು ಮನಾಲಿ ಎದ್ದು ನಿಲ್ಲುತ್ತದೆ. ಹೊರಗೆ ಜೈಂಟ್ ವ್ಹೀಲು, ಮಿರ್ಚಿ ಭಜಿ, ಗಿರ್ಮಿಟ್ಟು. ಒಳಗೆ ತಗಡಿನ ಶೆಡ್ಡು, ಬಾಗಿಲಿಗೆ ‘ಮೈನಸ್ 5 ಡಿಗ್ರಿ’ ಅನ್ನೋ ಬೋರ್ಡು. ಟಿಕೆಟ್ ಬೇರೆ, ಕೋಟಿನ ಬಾಡಿಗೆ ಬೇರೆ, ಸಾಕ್ಸು ಕಡ್ಡಾಯವಾಗಿ ಅವರಲ್ಲೇ ಕೊಳ್ಳಬೇಕು. ಕೋಟಿನ ಬೆನ್ನಿಗೆ ಬಿಳಿ ಪೇಂಟಿನಲ್ಲಿ ನಂಬರು. ಕಾಲರು ಹಿಂದಿನವರ ಬೆವರಿನಿಂದ ಹಸಿ. ಕಿಸೆಗೆ ಕೈ ಹಾಕಿದರೆ ಶೇಂಗಾ ಸಿಪ್ಪೆ. ಮೂಲೆಯ ಥರ್ಮಾಕೋಲ್ ಗುಡ್ಡದ ಮೇಲೆ ಉತ್ತರ ಧ್ರುವದ ಕರಡಿಯೂ ದಕ್ಷಿಣ ಧ್ರುವದ ಪೆಂಗ್ವಿನ್ನೂ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿರುತ್ತವೆ. ಮೇಲಿನಿಂದ ಸೋಪಿನ ನೊರೆ ಉದುರುತ್ತದೆ.

“ಏನ್ರೀ, ಇದು ಖರೇ ಬರ್ಫ ಏನ್ರೀ?”

“ಖರೇನೋ ಸುಳ್ಳೋ, ರೊಕ್ಕಂತೂ ಖರೇ ಕೊಟ್ಟೀವಿ. ನಿಂದರ್, ಫೋಟೊ ತಗೀತೀನಿ. ಕಣ್ಣಾಗ ನೊರಿ ಹೊಕ್ಕೈತೇನು? ಹೋಗ್ಲಿ ಬಿಡ, ನಗು.”

ಇದನ್ನು ನೋಡಿ ಮೂಗು ಮುರಿಯುವವರು ಇದ್ದಾರೆ. ಅವರು ಅಸಲಿ ಮನಾಲಿಗೆ ಹೋಗಿ ಬಂದವರು. ಎರಡು ಸಾವಿರ ಕಿಲೋಮೀಟರ್ ದಾಟಿ ಹೋಗಿ ಅವರು ಮಾಡುವುದಾದರೂ ಏನು? ಅಂಥದ್ದೇ ನಂಬರಿನ ಕೋಟು, ಗಮ್ ಬೂಟು ಬಾಡಿಗೆಗೆ ಪಡೀತಾರೆ. ಯಾಕ್ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಟ್ಯೂಬಿನಲ್ಲಿ ಕೂತು ಮೂವತ್ತು ಮಾರು ಜಾರುತ್ತಾರೆ. ಬಿಸಿ ಮ್ಯಾಗಿ ತಿಂದು ‘ಮ್ಯಾಗಿ ಅಂದ್ರೆ ಅಲ್ಲಿಯದು’ ಅಂತ ವರ್ಷವಿಡೀ ಹೇಳುತ್ತಾರೆ. ಸ್ಕೀ ಮಾಡಿದವರು ಎಷ್ಟು ಜನ ಅಂತ ಕೇಳಿದರೆ ಮಾತು ಬದಲಿಸುತ್ತಾರೆ. ಉಳಿದ ಹೊತ್ತೆಲ್ಲ ಗಾಡಿಯಲ್ಲೇ. 2024ರ ಡಿಸೆಂಬರ್ ಕೊನೆಯಲ್ಲಿ ಸೋಲಾಂಗ್ ಮತ್ತು ಅಟಲ್ ಸುರಂಗದ ನಡುವೆ ಸುಮಾರು ಸಾವಿರ ವಾಹನ ಸಿಕ್ಕಿಬಿದ್ದಿದ್ದವು. ಟ್ರಾಫಿಕ್ಕಿನಲ್ಲಿ ಕೂರೋದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ಚೆನ್ನಮ್ಮ ಸರ್ಕಲ್ ಇಲ್ವಾ?

ಇನ್ನು ಸೌಕರ್ಯದ ಮಾತು. ಹಿಮದ ಮೇಲಿನ ಸ್ಪ್ರಿಂಟ್ ಓಟಕ್ಕೆ ಸುಮಾರು ಒಂದೂವರೆ ಕಿಲೋಮೀಟರಿನ ದಾರಿ ಬೇಕು. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ದೊಡ್ಡದು. ಮೇಲೆ ಮಾಡು ಬೇರೆ ಇದೆ. ತರಬೇತಿಯೂ ದಿನಾ ನಡೆದಿದೆ. ಬೋಗಿ ನಿಲ್ಲುವ ಜಾಗ ಬದಲಾಗಿದೆ ಅಂತ ಕೊನೇ ಗಳಿಗೆಯಲ್ಲಿ ಗೊತ್ತಾದಾಗ, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಪೇಡೆ ಡಬ್ಬಿ, ಬಗಲಲ್ಲಿ ಕೂಸು ಹಿಡಿದು ಓಡುವ ನಮ್ಮ ಹೆಣ್ಣುಮಕ್ಕಳ ಮುಂದೆ ನಾರ್ವೆಯವರು ಏನು ಲೆಕ್ಕ?

ಕರ್ಲಿಂಗ್ ಅಂತ ಇನ್ನೊಂದು ಆಟ ಇದೆ. ಒಬ್ಬರು ದೊಡ್ಡ ಗ್ರಾನೈಟ್ ಗುಂಡನ್ನು ಮಂಜುಗಡ್ಡೆಯ ಮೇಲೆ ತಳ್ಳಿಬಿಡುತ್ತಾರೆ. ಅದು ಗಂಭೀರವಾಗಿ ಜಾರುತ್ತಾ ಬರುತ್ತದೆ. ಅದರ ಮುಂದೆ ಇಬ್ಬರು ಬ್ರಷ್ ಹಿಡಿದು ದಾರಿ ಉಜ್ಜುತ್ತಾ ಓಡುತ್ತಾರೆ. ಇದನ್ನು ನಮಗೆ ಕಲಿಸಬೇಕಾ? ಮಂತ್ರಿಗಳು ಬರುವ ದಿನ ನಮ್ಮ ರಸ್ತೆಗಳಲ್ಲಿ ನಡೆಯೋದು ಇದೇ ಅಲ್ವಾ! ಗುಂಡು ಅಷ್ಟೊಂದು ಭಾಷಣ ಮಾಡೋದಿಲ್ಲ, ಅಷ್ಟೇ ವ್ಯತ್ಯಾಸ.

ಉಳಿದದ್ದು ಹಿಮ. ಅದಕ್ಕೆ ಸ್ನೋ ಗನ್ ಅನ್ನೋ ಮಷೀನು ಸಿಗುತ್ತದೆ. ನೀರನ್ನು ಸಣ್ಣ ಹನಿ ಮಾಡಿ, ಗಾಳಿಯ ಒತ್ತಡದಲ್ಲಿ ಚಿಮ್ಮಿಸುತ್ತದೆ. ಹೊರಗಿನ ಚಳಿ ಸೊನ್ನೆಗಿಂತ ಕೆಳಗಿದ್ದರೆ ಹನಿ ಹೆಪ್ಪುಗಟ್ಟಿ ಹಿಮವಾಗುತ್ತದೆ. ನಮ್ಮಲ್ಲಿ ಅಷ್ಟು ಚಳಿ ಎಲ್ಲಿದೆ ಅನ್ನಬೇಡಿ. ದುಬೈನವರು 2005ರಲ್ಲೇ ಮಾಲ್ ಒಳಗೆ ಸ್ಕೀ ಇಳಿಜಾರು ಕಟ್ಟಿ, ಹೊರಗೆ ಬಿಸಿಲು ಉರಿಯುವಾಗಲೂ ಒಳಗೆ ಸೊನ್ನೆಗಿಂತ ಕೆಳಗೆ ಇಟ್ಟಿದ್ದಾರೆ. ನೃಪತುಂಗ ಬೆಟ್ಟಕ್ಕೇ ಒಂದು ತಗಡಿನ ಶೆಡ್ಡು ಹಾಕಿದರಾಯಿತು. ಮೊದಲು ಅಧ್ಯಯನ ಪ್ರವಾಸ ಆಗಬೇಕು, ಅದಕ್ಕೆ ಸ್ವಿಟ್ಜರ್ಲೆಂಡೇ ಆಗಬೇಕು. ಹೋಗುವವರ ಪಟ್ಟಿಗೆ ಬರವಿಲ್ಲ, ಪತ್ನಿಯರ ಸ್ವೆಟರ್ ಈಗಾಗಲೇ ತಯಾರಿರಬಹುದು.

ಮಷೀನಿಗೆ ಬೇಕಾಗುವುದು ನೀರು, ಅದೂ ರಾಶಿಗಟ್ಟಲೆ. ವಾರ ಕಾದರೂ ನಳ ಬಾರದ ಓಣಿಗಳಿರುವ ಊರಲ್ಲಿ ಇದೊಂದು ಸಣ್ಣ ತೊಡಕು ಅಂತ ಯಾರಾದರೂ ಹೇಳಬಹುದು. ಅದಕ್ಕೇ ಅಲ್ವಾ ಟ್ಯಾಂಕರ್ ಟೆಂಡರ್ ಇರೋದು. ಬೆಟ್ಟಕ್ಕೆ ಹೋಗುವ ಟ್ಯಾಂಕರು ಯಾವುದೋ ಒಂದು ಓಣಿ ದಾಟಿಯೇ ಹೋಗಬೇಕು. ಅಲ್ಲಿ ಕೊಡಗಳ ಸಾಲು ಆಗಲೇ ರಸ್ತೆಗೆ ಬಂದಿರುತ್ತದೆ.

“ಅಣ್ಣಾರ, ಬರ್ಫ ಆಮ್ಯಾಲ ಮಾಡ್ರೀ. ಮೊದ್ಲ ಎರಡು ಕೊಡ ಇಲ್ಲಿ ಬಿಡ್ರಿ, ಬ್ಯಾಳಿ ಒಲಿ ಮ್ಯಾಲ ಐತಿ.”